ಮಾಳವ್ವನ ಜವಾರಿ ತತ್ತಿಗಳು

ಕುಕನೂರಿನಲ್ಲಿ ಮಾಳವ್ವನ ಕೋಳಿಗಳಷ್ಟು ಸುಖವಾಗಿ ಬದುಕಿದ ಕೋಳಿಗಳನ್ನು ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಬೇರೆಲ್ಲೂ ನೋಡಿಲ್ಲ. ಬೆಳಿಗ್ಗೆ ಬುಟ್ಟಿ ಎತ್ತಿದರೆ ಸಾಕು, ಮೂವತ್ತೆರಡು ಕೋಳಿ ಅಂಗಳಕ್ಕಿಳಿದು ಸಜ್ಜೆಯ ನುಚ್ಚು ತಿಂದು, ಬಿಸಿಲೇರುವ ಹೊತ್ತಿಗೆ ಬೇವಿನ ಗಿಡದ ಬುಡದಲ್ಲಿದ್ದ ಕುಳಿಗೆ ಇಳಿದು ಬೂದಿಯಲ್ಲಿ ಹೊರಳಾಡುತ್ತಿದ್ದವು. ರೆಕ್ಕೆ ಬಿಚ್ಚಿ, ಕಣ್ಣು ಅರೆ ಮುಚ್ಚಿ, ಒಂದರ ಮೈಮೇಲೆ ಒಂದು ಬೂದಿ ಎರಚುತ್ತ ಮಧ್ಯಾಹ್ನದವರೆಗೆ ಅಲ್ಲೇ ಬಿದ್ದಿರುತ್ತಿದ್ದವು. ಆ ಕುಳಿ ತೋಡಿಸಿದವನು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗಾಗುತ್ತದೆ.

ಊರವರು ನನ್ನನ್ನು ಡಾಕ್ಟರ್ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಪಶು ಆಸ್ಪತ್ರೆಯ ಇನ್ಸ್‌ಪೆಕ್ಟರು. ಹೆಸರು ಗುರುಬಸವ. ತತ್ತಿ ಹೊಸ್ತಿಲು ದಾಟದ ಮನೆ ನಮ್ಮದು. ಆದರೂ ಕೋಳಿ ಸಾಕುವುದು ಹೇಗೆಂದು ಸುತ್ತಲ ಹಳ್ಳಿಗಳಿಗೆಲ್ಲ ಬುದ್ಧಿ ಹೇಳುವವನು ನಾನೇ. ನನ್ನ ಹೆಂಡತಿ ಇದನ್ನು ಹಿಡಿದು ನನ್ನನ್ನು ಆಡಿಕೊಳ್ಳುತ್ತಾಳೆ. ಮೊದಲು ನಗುತ್ತಿದ್ದೆ, ಈಗ ನಗು ಬರುವುದಿಲ್ಲ.

ಮಾಳವ್ವ ಅಳವಂಡಿಯ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಹನಮಪ್ಪನ ಕೈ ಹಿಡಿದು ಇಲ್ಲಿಗೆ ಬಂದವಳು. ತವರಿನಿಂದ ತಂದದ್ದು ಎರಡು ಸೀರೆ ಮತ್ತು ಕಂಕುಳಲ್ಲಿ ಒಂದು ಕೆಂಪು ಹ್ಯಾಟಿ ಕೋಳಿ. ಆ ಹ್ಯಾಟಿಯ ವಂಶವೇ ಬೆಳೆದು ಅಂಗಳ ತುಂಬಿತು. ಕುಕನೂರಿನಲ್ಲಿ ಯಾವ ಓಣಿಯಲ್ಲಿ ಯಾರು ಹಡೆದರೂ, ತತ್ತಿ ತಿನ್ನುವ ಮನೆಯಾದರೆ, ಬಾಣಂತಿಗೆ ಮಾಳವ್ವನ ತತ್ತಿಯೇ ಆಗಬೇಕು. ಫಾರಮ್ಮಿನ ಬಿಳಿ ತತ್ತಿಯನ್ನು ಅವಳು ಬೆಂಡು ಎಂದು ಕರೆಯುತ್ತಿದ್ದಳು. ಒಡೆದರೆ ಅರಿಶಿನದ ಬಣ್ಣದ ಭಂಡಾರ ಕಾಣಬೇಕು, ಅದು ತತ್ತಿ ಎಂಬುದು ಅವಳ ಮಾತು. ಬಾಣಂತಿಯರಿದ್ದ ಮನೆಗೆ ತತ್ತಿಯನ್ನು ತಾನೇ ಒಯ್ದು ಕೊಡುತ್ತಿದ್ದಳು, ಕೂಸನ್ನು ಎತ್ತಿ ಮುದ್ದಾಡಿ ಬರುತ್ತಿದ್ದಳು. ಯಾವ ಕೂಸಿಗೆ ಯಾವಾಗ ಹಲ್ಲು ಬಂತು ಎನ್ನುವುದು ಆ ತಾಯಿಯಂದಿರಿಗೆ ಮರೆತರೂ ಇವಳಿಗೆ ನೆನಪಿರುತ್ತಿತ್ತು.

ಹನ್ನೆರಡು ವರ್ಷಗಳ ಹಿಂದೆ ಅವಳ ಕೋಳಿಗಳಿಗೆ ಹೇನು ಬಿದ್ದವು. ಔಷಧಿ ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ, ಯಾವಾಗ ತಾನೇ ಇರುತ್ತದೆ. "ಒಂದು ಕುಳಿ ತೋಡು, ಒಲಿ ಬೂದಿ ತಂದು ಸುರುವು, ಕೋಳಿ ತಾವ ಹೊರಳ್ಯಾಡತಾವ, ಹೇನು ಹೋಗತಾವ" ಎಂದೆ. ನಮ್ಮ ಹಿರಿಯರು ಮಾಡುತ್ತಿದ್ದದ್ದೇ ಅದು. ಹೇನು ಹೋದವು. ಅಂದಿನಿಂದ ಮಾಳವ್ವನ ಕಣ್ಣಿಗೆ ನಾನು ದೊಡ್ಡ ಡಾಕ್ಟರು.

ಆರೇಳು ವರ್ಷದ ಕೆಳಗೆ ಅವಳ ಮನೆಗೆ ಗ್ಯಾಸ್ ಬಂತು. ಒಲೆ ಮೂಲೆ ಸೇರಿತು, ಅದರ ಜೊತೆಗೆ ಬೂದಿಯೂ ನಿಂತಿತು. ಇನ್ನು ಕುಳಿಯ ಬೂದಿಗೆ ಅವಳು ಏನು ಮಾಡುತ್ತಾಳೆಂದು ನಾನು ಕೇಳಲಿಲ್ಲ. ದಾರಿಯಲ್ಲಿ ಹೋಗುವಾಗ ಬೇವಿನ ಗಿಡದ ಬುಡದಲ್ಲಿ ಕೋಳಿಗಳು ಮೊದಲಿನಂತೆ ಹೊರಳಾಡುವುದು ಕಾಣುತ್ತಿತ್ತು, ಗಾಡಿ ಮೇಲಿಂದಲೇ ಕೈ ಎತ್ತಿ ಹೋಗುತ್ತಿದ್ದೆ.

ಹೋದ ವರ್ಷ ಅವಳ ಒಬ್ಬಳೇ ಮಗಳು ಮಾರೆಮ್ಮ ಚೊಚ್ಚಲ ಬಾಣಂತನಕ್ಕೆ ಯಲಬುರ್ಗಾ ಕಡೆಯ ಮಂಗಳೂರಿನಿಂದ ತವರಿಗೆ ಬಂದಳು. ಹೆಣ್ಣು ಕೂಸು. ಮಾಳವ್ವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಸುರಿಯಿದ್ದಾಗ ದಿನಕ್ಕೊಂದು, ಹಡೆದ ಮೇಲೆ ದಿನಕ್ಕೆರಡು ತತ್ತಿ, ಮೆಣಸು ಹಾಕಿ ತುಪ್ಪದಲ್ಲಿ ಹುರಿದು ಮಗಳಿಗೆ ತಿನ್ನಿಸಿದಳು. ಕೂಸು ಗುಂಡುಗುಂಡಗೆ ಇತ್ತು. ನಾನೂ ಒಮ್ಮೆ ಎತ್ತಿಕೊಂಡೆ, ಅಂಗಿಯ ಮೇಲೆ ಉಚ್ಚೆ ಹೊಯ್ದು ಆಶೀರ್ವಾದ ಮಾಡಿತು.

ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಮಾಳವ್ವ ಆಸ್ಪತ್ರೆಗೆ ಬಂದು ನನ್ನ ಟೇಬಲ್ಲಿನ ಮುಂದೆ ನಿಂತಳು.

"ಡಾಕ್ಟರ್ರ, ಮರಿ ಹೊರಗ ಬರವಲ್ವು. ಹನ್ನೆರಡ ತತ್ತಿ ಕಾವಿಗಿಟ್ರ ಎರಡ ಮರಿ ಆದ್ವು. ಹ್ಯಾಟಿ ಬಿಟ್ಟೇಳವಲ್ದು, ಪಾಪ, ಕುಂತ ಕುಂತ ಸೊರಗೈತಿ. ಒಂದೀಟ ಬಂದ ನೋಡ್ರಿ."

ಬಿಸಿಲಿಗೆ ತತ್ತಿ ಕೆಟ್ಟಿರಬೇಕು ಎಂದುಕೊಂಡೇ ಹೋದೆ. ಒಡೆಯದೆ ಉಳಿದ ಹತ್ತು ತತ್ತಿಗಳನ್ನು ಒಂದು ತಟ್ಟೆಯ ಮೇಲೆ ಒಂದೊಂದಾಗಿ ಒಡೆದೆ. ನಾಲ್ಕು ಬರೀ ನೀರು. ಆರರಲ್ಲಿ ಮರಿ ಪೂರ್ತಿ ಬೆಳೆದಿತ್ತು, ಪುಕ್ಕವೂ ಮೂಡಿತ್ತು. ಆದರೆ ಹೊಟ್ಟೆ ನೀರು ತುಂಬಿ ಊದಿಕೊಂಡಿತ್ತು. ಎರಡು ಮರಿಗಳ ಕೊಕ್ಕು ನೆಟ್ಟಗಿರಲಿಲ್ಲ, ಮೇಲಿನದು ಎಡಕ್ಕೆ, ಕೆಳಗಿನದು ಬಲಕ್ಕೆ ತಿರುಚಿ ಕತ್ತರಿಯಂತೆ ಕೂತಿತ್ತು. ಅಂಥ ಕೊಕ್ಕಿನಿಂದ ಯಾವ ಮರಿಯೂ ಸಿಪ್ಪೆ ಒಡೆದು ಬರಲಾರದು. ಇಷ್ಟು ವರ್ಷದಲ್ಲಿ ಅಂಥದೊಂದು ಕೊಕ್ಕು ನೋಡಿದ್ದೆ, ಒಂದೇ ಮನೆಯಲ್ಲಿ ಎರಡನ್ನು ನೋಡಿರಲಿಲ್ಲ.

"ಇದೇನ್ರಿ ಹಿಂಗ?" ಎಂದಳು ಮಾಳವ್ವ.

ನಾನು ಎದ್ದು ಅಂಗಳ ನೋಡಿದೆ. ನೀರು ನೋಡಿದೆ, ನುಚ್ಚು ನೋಡಿದೆ, ಕೊನೆಗೆ ಬೇವಿನ ಬುಡಕ್ಕೆ ಬಂದೆ. ಕುಳಿಯ ತುಂಬ ಬೂದಿ. ಗ್ಯಾಸ್ ಬಂದು ಇಷ್ಟು ವರ್ಷವಾದ ಮನೆಯಲ್ಲಿ ಇಷ್ಟು ಬೂದಿ ಎಲ್ಲಿಯದು? ಬೊಗಸೆಯಲ್ಲಿ ಎತ್ತಿದೆ. ಒಲೆ ಬೂದಿಗಿಂತ ಸಣ್ಣಗೆ, ಕಪ್ಪು ಬಣ್ಣಕ್ಕೆ ತಿರುಗಿತ್ತು. ಬೆರಳ ಸಂದಿಯಿಂದ ಸೋರಿದ ಮೇಲೆ ಅಂಗೈಯಲ್ಲಿ ಕರಗಿ ಗಟ್ಟಿಯಾದ ಪ್ಲಾಸ್ಟಿಕ್ಕಿನ ಚೂರು ಮತ್ತು ತಾಮ್ರದ ಸಣ್ಣ ಕಾಳು ಉಳಿದವು.

"ಇದನ್ನ ಎಲ್ಲಿಂದ ತಂದೀವಾ?"

"ಇವ್ರು ತರ್ತಾರ್ರಿ, ವೈರ್ ಸುಡೂ ಜಾಗದಿಂದ. ಒಲಿ ಬೂದಿಗಿಂತ ಛಲೋ ಐತ್ರಿ, ಒಂದ ಹೇನ ಉಳಿವಲ್ದು."

ನಮ್ಮ ಕಡೆ ಹೊಲಕ್ಕೊಂದು ಬೋರು, ಬೋರಿಗೊಂದು ಮೋಟಾರು. ಬೇಸಿಗೆಯಲ್ಲಿ ನೀರು ಇಳಿದಂತೆ ಮೋಟಾರುಗಳು ಸುಡುತ್ತವೆ. ಸುಟ್ಟ ಮೋಟಾರನ್ನು ಬಿಚ್ಚಿ ಹೊಸ ವೈರು ಸುತ್ತುವ ಅಂಗಡಿ ಪ್ರಭುರಾಜನದು. ಬಿಚ್ಚಿದ ಹಳೆಯ ವೈರಿನ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ, ಅದನ್ನು ಸುಟ್ಟರೆ ಒಳಗಿನ ತಾಮ್ರ ಮಾರಲು ಬರುತ್ತದೆ. ಆ ಸುಡುವ ಕೆಲಸ ಹನಮಪ್ಪನದು. ಯಲಬುರ್ಗಾ ರಸ್ತೆಯ ಗುಡ್ಡದ ಮರೆಯಲ್ಲಿ ವಾರಕ್ಕೆ ಮೂರು ಸಲ ವೈರಿನ ಗುಡ್ಡೆಗೆ ಬೆಂಕಿ ಇಡುತ್ತಿದ್ದ. ಆ ಕರಿ ಹೊಗೆಯನ್ನು ನಾನು ಬಸ್ಸಿನಿಂದ ಎಷ್ಟೋ ಸಲ ನೋಡಿ ಮೂಗು ಮುಚ್ಚಿಕೊಂಡವನೇ. ಅಷ್ಟಕ್ಕೇ ಅದು ಮುಗಿಯಿತೆಂದು ತಿಳಿದಿದ್ದೆ. ಹೆಂಡತಿ ಬೂದಿಗೆ ಪರದಾಡುವುದನ್ನು ನೋಡಿದ ಹನಮಪ್ಪ ತಾಮ್ರ ಆರಿಸಿಕೊಂಡು ಉಳಿದ ಬೂದಿಯನ್ನು ಸಿಮೆಂಟ್ ಚೀಲದಲ್ಲಿ ತುಂಬಿ ತಂದುಕೊಡುತ್ತಿದ್ದ. ಸಂಸಾರದಲ್ಲಿ ಅವನು ಹೆಂಡತಿಯ ಮೇಲೆ ತೋರಿಸಿದ ಪ್ರೀತಿ ಅಂದರೆ ಅದೇ. ಮೂರು ವರ್ಷದಿಂದ ತಂದಿದ್ದ.

ಅದರ ಹಿಂದಿನ ವರ್ಷ ಕೊಪ್ಪಳದಲ್ಲಿ ನಮ್ಮ ಇಲಾಖೆಯ ಒಂದು ಸಭೆಯಲ್ಲಿ ಅಮೃತಾ ಎಂಬ ಹುಡುಗಿ ಮಾತಾಡಿದ್ದಳು. ಕಸ, ವೈರು ಸುಡುವ ಜಾಗಗಳ ಮಣ್ಣಿನ ಮೇಲೆ ಸಂಶೋಧನೆ ಮಾಡುವವಳು. ಊಟದ ನಂತರದ ಭಾಷಣ, ನಾನು ಕಡೆಯ ಸಾಲಿನಲ್ಲಿ ತೂಕಡಿಸುತ್ತಿದ್ದೆ. ಕಿವಿಯಲ್ಲಿ ಉಳಿದದ್ದು ಎರಡೇ ಮಾತು: ಡಯಾಕ್ಸಿನ್, ಮತ್ತು ಬಯಲಲ್ಲಿ ಮೇಯುವ ಕೋಳಿ. ಅವತ್ತು ಮಾಳವ್ವನ ಅಂಗಳದಲ್ಲಿ ನಿಂತು ಆ ಎರಡು ಮಾತೂ ಒಟ್ಟಿಗೆ ನೆನಪಾದವು. ಹುಡುಕಾಡಿ ಅವಳ ನಂಬರು ಸಂಪಾದಿಸಿ ಫೋನ್ ಮಾಡಿದೆ. ಎರಡನೇ ದಿನಕ್ಕೇ ಬಂದಳು.

ಅಮೃತಾ ಕೈಗೆ ಗವಸು ಹಾಕಿಕೊಂಡು ಎಂಟು ತತ್ತಿ, ಎರಡು ಡಬ್ಬಿ ಬೂದಿ ತೆಗೆದುಕೊಂಡಳು. ಮಾಳವ್ವ ನಮ್ಮಿಬ್ಬರಿಗೂ ಚಹಾ ತಂದುಕೊಟ್ಟಳು. ಕಪ್ಪಿನ ಕೆಳಗಿನ ಸ್ಟೀಲಿನ ಬಸಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಚಹಾ ಕುಡಿಯುತ್ತ ಆ ಹುಡುಗಿ, ಮಾಳವ್ವನಿಗೆ ತಿಳಿಯುವಂತೆ, ಅವಸರವಿಲ್ಲದೆ ಹೇಳಿದಳು. ಇಂಥ ಪ್ಲಾಸ್ಟಿಕ್ಕನ್ನು ತಾಮ್ರದ ಜೊತೆ ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ವಾಸನೆಯಿಲ್ಲ, ರುಚಿಯಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಹೊಗೆಯಲ್ಲಿ ಹೋಗಿ ಮಣ್ಣಿಗೆ ಬೀಳುತ್ತದೆ, ಬೂದಿಯಲ್ಲೂ ಉಳಿಯುತ್ತದೆ, ವರ್ಷಗಟ್ಟಲೆ ಕೊಳೆಯುವುದಿಲ್ಲ. ಕೋಳಿ ಕೆದರಿ ಕುಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕೂಡುತ್ತದೆ. ಹಾಗಾಗಿ ತತ್ತಿಯ ಹಳದಿ ಭಂಡಾರದಲ್ಲಿ ಸೇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ.

"ತಿಂದ್ರ ಏನಾಕ್ಕೈತ್ರೀ ಬಾಯಾರ?"

"ಒಮ್ಮೆಗೇ ಏನೂ ಆಗಲ್ಲಮ್ಮ. ಬಹಳ ದಿನ ತಿಂದ್ರೆ ಮೈಯಲ್ಲಿ ಸೇರ್ತಾ ಹೋಗತ್ತೆ. ರೋಗ ತಡೆಯೋ ಶಕ್ತಿ ಕುಗ್ಗಬಹುದು. ಗಂಟಲಿನ ಗ್ರಂಥಿ ಏರುಪೇರಾಗಬಹುದು. ಕ್ಯಾನ್ಸರ್‌ಗೂ ದಾರಿ ಆಗಬಹುದು. ಎಲ್ಲರಿಗೂ ಆಗತ್ತೆ ಅಂತಲ್ಲ. ಮೊದಲು ಪರೀಕ್ಷೆ ಆಗಲಿ. ಅಲ್ಲಿವರೆಗೆ ತತ್ತಿ ಯಾರೂ ತಿನ್ನೋದು ಬೇಡ."

ಮಾಳವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಒಳಗಿನ ಕೋಣೆಗೆ ಕೇಳಬಾರದು ಎನ್ನುವಂತೆ ಕೇಳಿದಳು:

"ಜಿಡ್ಡಿನ್ಯಾಗ ಕೂಡತೈತಿ ಅಂದ್ರಿ. ತಾಯಿ ಹಾಲಿನ್ಯಾಗೂ ಜಿಡ್ಡ ಇರತೈತೆಲ್ರಿ?"

ಅಮೃತಾ ನನ್ನ ಮುಖ ನೋಡಿದಳು. ಸುಳ್ಳು ಹೇಳಲು ಬರದ ಹುಡುಗಿ. "ಇರತ್ತಮ್ಮ" ಎಂದಳು. "ಅದಕ್ಕೆ ಏನು ಮಾಡಬೇಕು ಅಂತ ಮಕ್ಕಳ ಡಾಕ್ಟರು ಹೇಳಬೇಕು, ನಾನಲ್ಲ."

ಅವಳು ಹೋದ ಮೇಲೆ ಮಾಳವ್ವ ಎದ್ದು ಮನೆಯೊಳಗೆ ಹೋದಳು. ಏನೇನೋ ಎತ್ತಿಡುವ ಸದ್ದು. ಹೊರಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. "ಡಾಕ್ಟರ್ರ, ನಾ ಆ ಬೂದಿ ಬರೇ ಕೋಳಿಗಲ್ಲ ಹಾಕಿದ್ದು" ಎಂದಳು. ಹಿತ್ತಲಿನ ಬದನೆ ಗಿಡಕ್ಕೆ ಹುಳ ಬೀಳಬಾರದೆಂದು ಎರಚಿದ್ದಳು. ಬೀಜದ ಅಲಸಂದಿ, ಹೆಸರು ಬೂದಿಯಲ್ಲಿ ಕಲಸಿ ಗಡಿಗೆ ತುಂಬಿಟ್ಟಿದ್ದಳು. ಪಾತ್ರೆಯನ್ನು ಅದರಿಂದಲೇ ತಿಕ್ಕುತ್ತಿದ್ದಳು, ಮಗಳಿಗೆ ಗಂಜಿ ಕಾಸುವ ಬೋಗುಣಿಯನ್ನೂ. ಒಂದೊಂದು ಹೇಳುವಾಗಲೂ ಆ ಸಾಮಾನಿನ ಕಡೆ ಬೆರಳು ತೋರಿಸುತ್ತಿದ್ದಳು. ನಾನು ಕುಡಿದ ಚಹಾದ ಬಸಿ ನನ್ನ ಕೈಯಲ್ಲೇ ಇತ್ತು. ಮೆಲ್ಲಗೆ ಕೆಳಗಿಟ್ಟೆ.

"ಕೂಸಿನ ಹೊಕ್ಕಳಿಗೆ?" ಎಂದು ಕೇಳಿದೆ. ಬಾಣಂತಿ ಮನೆಗಳಲ್ಲಿ ಹೊಕ್ಕಳಿಗೆ ಬೂದಿ ಹಚ್ಚುವುದನ್ನು ನಾನು ಕಂಡವನು.

"ಇಲ್ರಿ. ದವಾಖಾನಿಯಾಗ ಏನೂ ಹಚ್ಚಬ್ಯಾಡ ಅಂದಿದ್ರು. ಹಚ್ಚಿಲ್ರಿ."

ಅಷ್ಟಕ್ಕೇ ನಾವಿಬ್ಬರೂ ದೊಡ್ಡ ಗಂಡಾಂತರ ತಪ್ಪಿದವರಂತೆ ಉಸಿರು ಬಿಟ್ಟೆವು. ಆಗ ನನಗೆ ತಡೆಯಲಾಗಲಿಲ್ಲ. "ಮಾಳವ್ವ, ಬೂದಿ ಹಾಕು ಅಂತ ನಿನಗ ಹೇಳಿದಂವ ನಾನ" ಎಂದೆ. ಅವಳು ಬಯ್ಯಲಿ ಎಂದು ಕಾಯುತ್ತಿದ್ದೆ, ಬಯ್ದಿದ್ದರೆ ಹಗುರಾಗುತ್ತಿತ್ತು.

"ನೀವು ಒಲಿ ಬೂದಿ ಅಂದಿದ್ರಿ" ಎಂದಳು. "ನಾನಽ ಯಾವ ಬೂದಿಯಾದ್ರೂ ಬೂದಿನ ಅಲ್ಲೇನ ಅಂದ್ಕೊಂಡೆ."

ವರದಿ ಬರಲು ಐದು ವಾರ ಬೇಕೆಂದಿದ್ದಳು ಅಮೃತಾ. ಈ ಪರೀಕ್ಷೆ ಮಾಡುವ ಲ್ಯಾಬು ದೇಶದಲ್ಲೇ ಕೆಲವೇ ಕೆಲವು. ಆ ಐದು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಮಾಳವ್ವ ಬೇರೆಯೇ ಕೆಲಸ ಹಚ್ಚಿಕೊಂಡಳು. ತಾನು ತತ್ತಿ ಕೊಟ್ಟ ಬಾಣಂತಿಯರ ಮನೆಗಳಿಗೆಲ್ಲ ಹೋಗತೊಡಗಿದಳು, ಹೇಳಲಿಕ್ಕೆ. ವರದಿ ಬರುವವರೆಗೆ ಸುಮ್ಮನಿರು, ಊರೆಲ್ಲ ಗುಲ್ಲೆಬ್ಬಿಸಬೇಡ ಎಂದು ನಾನು ಬೇಡಿಕೊಂಡೆ. ನನ್ನ ಹೆಸರೂ ಬರುತ್ತದೆ ಎಂಬ ಹೆದರಿಕೆ ನನಗಿತ್ತು, ಅದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

"ವರದಿ ಬರೂತನಾ ಇನ್ನೊಂದ ಮನ್ಯಾಗ ಇನ್ನೆಷ್ಟ ತತ್ತಿ ತಿಂದಾರ್ರಿ?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನು ಹಿಂದಿನಿಂದ ಹೋದೆ.

ಮೊದಲ ಮನೆ ಕಾಸೀಮಬಿಯದು. ಅವಳ ಸೊಸೆ ಎರಡು ತಿಂಗಳ ಬಾಣಂತಿ. ಮಾಳವ್ವ ಕಟ್ಟೆಯ ಮೇಲೆ ಕೂಡದೆ ನಿಂತೇ ಹೇಳಿದಳು. ಬೂದಿ ಎಲ್ಲಿಯದು, ಮರಿಗಳ ಕೊಕ್ಕು ಹೇಗಿತ್ತು, ಎಲ್ಲವನ್ನೂ. ಮೂವತ್ತು ವರ್ಷದ ಗೆಳೆತನ ಇವರದು, ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರ ಮನೆಯಿಂದ ಹಿಟ್ಟು ಹೋಗುವಂಥದ್ದು.

"ನೀ ಬಂದ ಹೇಳ್ದಿ. ಇನ್ನೊಬ್ಬಾಕಿ ಆಗಿದ್ರ ಬಾಯಿ ಮುಚ್ಕೊಂಡ ಕುಂದ್ರತಿದ್ಲು" ಎಂದಳು ಕಾಸೀಮಬೀ. ಆದರೆ ಒಳಗೆ ಬಾ ಅನ್ನಲಿಲ್ಲ, ನೀರು ಕೊಡಲಿಲ್ಲ. ನಾವು ಓಣಿ ತಿರುಗುವ ಮೊದಲೇ ಬಾಗಿಲು ಹಾಕಿದ ಸದ್ದು ಕೇಳಿತು.

ಹೀಗೆ ಒಂಬತ್ತು ಮನೆ. ಒಂದು ಕಡೆ ನಕ್ಕರು, ಇನ್ನೊಂದು ಕಡೆ ಹಿರಿಯ ಹೆಂಗಸು ಎದೆ ಬಡಿದುಕೊಂಡಳು. ಇನ್ನೊಂದು ಮನೆಯವರು, ಫಾರಮ್ಮಿನವರು ನಿನಗೆ ಏನಾದರೂ ಕೊಟ್ಟಿದ್ದಾರಾ, ನಿನ್ನ ತತ್ತಿಯನ್ನೇ ನೀನು ಹಳಿಯುತ್ತೀಯಲ್ಲ ಎಂದರು. ಎಲ್ಲ ಮನೆಯಲ್ಲೂ ಕೂಸುಗಳಿದ್ದವು. ಎಲ್ಲೂ ಅವಳು ಕೂಸನ್ನು ಮುಟ್ಟಲಿಲ್ಲ. ಅವಳ ಕೈಗಳು ಸೆರಗಿನೊಳಗೇ ಇದ್ದವು.

ಹನಮಪ್ಪನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಅವನ ಕೆನ್ನೆ, ಕಿವಿಯ ಹಿಂದೆ ಕರಿ ಮೊಡವೆಗಳೆದ್ದು ವರ್ಷದ ಮೇಲಾಗಿತ್ತು. ಮುದುಕನಾದ ಮೇಲೆ ಪ್ರಾಯ ಬಂತೇನೋ ಎಂದು ನಾನೇ ಕಿಚಾಯಿಸಿದ್ದೆ. ಅಮೃತಾ ಬಂದ ದಿನವೇ ಅವನ್ನು ಗಮನಿಸಿ ನನ್ನ ಹತ್ತಿರ, ಇದೂ ಆ ವಿಷದ ಗುರುತಿರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ, ಖಂಡಿತ ಅಂತ ಹೇಳಲಾರೆ ಎಂದಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡ.

"ಅಂದ್ರ ನಾ ಮನಿಗೆ ಹೊತ್ತ ತಂದದ್ದು ಅದನ್ನೇನ್ರಿ" ಎಂದ. ಮರುದಿನದಿಂದ ಗುಡ್ಡದ ಕಡೆ ಹೋಗಲಿಲ್ಲ. ಪ್ರಭುರಾಜ ಮನೆಗೇ ಬಂದು ಕರೆದ. ಎಲ್ಲ ಊರಲ್ಲೂ ಸುಡುತ್ತಾರೆ, ಯಾರು ಸತ್ತಿದ್ದಾರೆ ಎಂದು ವಾದಿಸಿದ. ಹನಮಪ್ಪ ಬಗ್ಗಿದ ತಲೆ ಎತ್ತಲಿಲ್ಲ, ಹೋಗಲೂ ಇಲ್ಲ. ವಾರದೊಳಗೆ ಕುಷ್ಟಗಿ ರಸ್ತೆಯ ಕಡೆಯಿಂದ ಅದೇ ಕರಿ ಹೊಗೆ ಏಳುವುದು ಕಂಡಿತು. ಅಲ್ಲಿ ಯಾರು ಸುಡುತ್ತಿದ್ದರೋ, ಆ ಬೂದಿಯನ್ನು ಯಾರ ಮನೆಗೆ ಒಯ್ಯುತ್ತಿದ್ದರೋ.

ವರದಿ ಫೋನಿಗೆ ಬಂದ ದಿನ ನಾನು ಅದನ್ನು ಹಿಡಿದು ಮಾಳವ್ವನ ಮನೆಗೆ ಹೋದೆ. ಲೆಕ್ಕ ನನಗೆ ಅರ್ಥವಾಗದೆ ಅಮೃತಾಳಿಂದ ಎರಡು ಸಲ ಕೇಳಿ ತಿಳಿದುಕೊಂಡಿದ್ದೆ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಂಥ ಪಾಲುಗಳಲ್ಲಿ ಈ ವಿಷವನ್ನು ಅಳೆಯುತ್ತಾರೆ. ಅಷ್ಟು ಸಣ್ಣದಕ್ಕೂ ಒಂದು ಮಿತಿ ಇಟ್ಟಿದ್ದಾರೆ. ಮಾಳವ್ವನ ತತ್ತಿಯಲ್ಲಿ ಆ ಮಿತಿಯ ಇಪ್ಪತ್ತೆರಡು ಪಟ್ಟು ಇತ್ತು.

"ಇಪ್ಪತ್ತೆರಡ ಪಟ್ಟ ಅಂದ್ರ?" ಎಂದಳು ಮಾಳವ್ವ.

ನಾನು ಹೇಳುವಷ್ಟರಲ್ಲಿ ಬಾಗಿಲ ಹಿಂದಿನಿಂದ ಮಾರೆಮ್ಮನ ದನಿ ಬಂತು. "ಯವ್ವಾ, ಆ ತತ್ತಿ ನಾ ತಿಂದೀನಲ್ಲ? ಅದು ನನ್ನ ಹಾಲಿನ್ಯಾಗ ಐತಲ್ಲ?" ಐದು ವಾರ ನಾವು ಅವಳಿಂದ ಅಡಗಿಸಿಟ್ಟದ್ದನ್ನು ಅವಳು ಗೋಡೆಯಾಚೆ ಕೂತು ದಿನವೂ ಕೇಳಿಸಿಕೊಂಡಿದ್ದಳು.

ಅಂದೇ ಸಂಜೆ ಕೋಳಿಗಳನ್ನೆಲ್ಲ ಹಿಡಿದೆವು. ಮಾರುವಂತಿಲ್ಲ, ಕೊಯ್ದು ತಿನ್ನುವಂತಿಲ್ಲ. ಮೂವತ್ತೆರಡನ್ನೂ ನಾನೇ ಕೊಂದೆ, ನೋವಾಗದಂತೆ ಕೊಲ್ಲುವುದನ್ನು ನೌಕರಿಯಲ್ಲಿ ಕಲಿತಿದ್ದೆ. ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಬೂದಿ ಕುಳಿಯ ಮಣ್ಣನ್ನು ಹನಮಪ್ಪ ಮೊಣಕಾಲುದ್ದ ಅಗೆದು ಚೀಲ ತುಂಬಿದ. ಹದಿನಾಲ್ಕು ಚೀಲ. ತುಂಬಿದ ಮೇಲೆ ಎಲ್ಲಿ ಒಯ್ಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಳ್ಳಕ್ಕೆ ಹಾಕಿದರೆ ನೀರಿಗೆ, ಹೊಲಕ್ಕೆ ಹಾಕಿದರೆ ಮೇವಿಗೆ. ಸುಡುವಂತೆಯೂ ಇಲ್ಲ. ಸರಕಾರಕ್ಕೆ ಪತ್ರ ಬರೆದೆ. ಚೀಲಗಳು ಅವಳ ಹಿತ್ತಲಲ್ಲಿ ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ ಇವತ್ತಿಗೂ ಇವೆ.

ನಾವು ಈ ಗದ್ದಲದಲ್ಲಿದ್ದಾಗ ಮಾರೆಮ್ಮ ಕೂಸಿಗೆ ಹಾಲು ಬಿಡಿಸಿಬಿಟ್ಟಿದ್ದಳು. ಅದು ನಮ್ಮ ಗಮನಕ್ಕೆ ಬಂದದ್ದು ಮರುದಿನ. ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಪಾಕೀಟಿನ ಹಾಲಿಗೆ ಬೋರಿನ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ನಾಲ್ಕು ತಿಂಗಳು ದಾಟಿದ ಕೂಸು ಅದು. ಎರಡನೇ ದಿನಕ್ಕೆ ಭೇದಿ ಹತ್ತಿತು. ಮೂರನೇ ದಿನ ಬೆಳಿಗ್ಗೆ ಮಾಳವ್ವ ಕೂಸನ್ನು ಎತ್ತಿಕೊಂಡು ನನ್ನ ಮನೆ ಬಾಗಿಲಿಗೆ ಬಂದಳು, ಹಿಂದೆ ಮಾರೆಮ್ಮ. ಕೂಸಿನ ನೆತ್ತಿ ಒಳಗೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಅಳುವ ಶಕ್ತಿಯೂ ಉಳಿಯದೆ ಸಣ್ಣಗೆ ನರಳುತ್ತಿತ್ತು. ಕರುಗಳು ಹೀಗೆ ಸಾಯುವುದನ್ನು ನಾನು ಬಹಳ ನೋಡಿದ್ದೇನೆ.

ಪರಿಚಯದವರ ಕಾರಿನಲ್ಲಿ ಕೊಪ್ಪಳಕ್ಕೆ ಓಡಿದೆವು. ದಾರಿಯುದ್ದಕ್ಕೂ ಮಾಳವ್ವ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಭಾನಾಪುರ ದಾಟುವಾಗ ಕೂಸಿನ ನರಳಾಟ ಒಮ್ಮೆ ನಿಂತೇಹೋಯಿತು. ಮುಂದಿನ ಸೀಟಿನಲ್ಲಿದ್ದ ನಾನು ಹಿಂತಿರುಗಿ ನೋಡಲು ಧೈರ್ಯ ಮಾಡಲಿಲ್ಲ. ಆಮೇಲೆ ಕೂಸು ಕೆಮ್ಮಿತು.

ಮಕ್ಕಳ ಡಾಕ್ಟರು ಕೂಸಿಗೆ ಸಲಾಯಿನ್ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣು ಬಿಟ್ಟು ಅಳತೊಡಗಿತು. ನಾನು ವರದಿಯನ್ನು ಡಾಕ್ಟರಿಗೆ ತೋರಿಸಿದೆ. ಅವರು ಪೂರ್ತಿ ಓದಿದರು, ಫೋನಿನಲ್ಲಿ ಯಾರನ್ನೋ ಕೇಳಿದರು, ಆಮೇಲೆ ಮಾರೆಮ್ಮನನ್ನು ಮುಂದೆ ಕೂಡಿಸಿಕೊಂಡರು.

"ನೋಡವ್ವಾ, ನಿನ್ನ ಹಾಲಿನ್ಯಾಗ ಅದು ಸ್ವಲ್ಪ ಇರಬಹುದು. ಇಲ್ಲ ಅಂತ ಸುಳ್ಳು ಹೇಳೂದಿಲ್ಲ. ಆದ್ರ ಹಾಲು ಬಿಡಿಸಬ್ಯಾಡ. ಇಂಥಾ ಕಡೆ ಎಲ್ಲಾ ದೇಶದ ಡಾಕ್ಟರೂ ಹೇಳೂದು ಅದನ್ನ. ತಾಯಿ ಹಾಲು ಬಿಟ್ರ ಆಗೂ ಅಪಾಯ ನೀನಽ ನೋಡೀದಿ. ತತ್ತಿ ನಿಲ್ಲಿಸೀರಿ, ಬೂದಿ ತಗದೀರಿ. ಇನ್ನ ಕುಡಸು."

"ಕೂಸಿಗೇನೂ ಆಗೂದಿಲ್ಲಂತ ಹೇಳ್ರಿ ಮತ್ತ" ಎಂದಳು ಮಾರೆಮ್ಮ.

ಡಾಕ್ಟರು ಕನ್ನಡಕ ತೆಗೆದರು. "ಅದನ್ನ ಯಾರೂ ಹೇಳಾಕ ಬರೂದಿಲ್ಲ" ಎಂದರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಮಾರೆಮ್ಮ ಎರಡೂ ಕೈ ಎದೆಗೆ ಒತ್ತಿ ಹಿಡಿದು ಕೂತಳು. ಎದೆಯ ಬಟ್ಟೆ ಹಾಲಿನಿಂದ ತೊಯ್ದು ಹೋಗಿತ್ತು. ಒಳಗೆ ಕೂಸು ಅಳುತ್ತಿತ್ತು. ನರ್ಸು ಎರಡು ಸಲ ಬಂದು ಕರೆದಳು.

"ವಿಷ ಅಂತ ಗೊತ್ತಿದ್ದು ಹೆಂಗ ಕುಡಿಸ್ಲೆಬೇ ಯವ್ವಾ? ನಾಳೆ ಇಕಿಗೆ ಏನರ ಆದ್ರ, ತಾಯಾಗಿ ನಾನಽ ಕುಡಿಸಿದ್ದು ಅಂತಾಕ್ಕೈತಿ."

ಮಾಳವ್ವ ಎದ್ದು ಮಗಳ ಮುಂದೆ ನೆಲದ ಮೇಲೆ ಕೂತಳು. ಮಗಳ ಎರಡೂ ಕೈ ಹಿಡಿದು ಎದೆಯ ಮೇಲಿಂದ ಬಿಡಿಸಿದಳು.

"ನೀ ಕುಡಿಸಿದ್ದಲ್ಲ. ನಾ ತಿನಿಸಿದ್ದು. ತುಪ್ಪ ಹಾಕಿ, ಮೆಣಸ ಹಾಕಿ, ಬ್ಯಾಡಂದ್ರೂ ಬಿಡದಽ ತಿನಿಸೀನಿ. ಏನರ ಆದ್ರ ಇಕಿ ಕೇಳಬೇಕಾದ್ದು ನನ್ನ. ನಾ ಇರ್ಲಿ ಬಿಡ್ಲಿ, ನಿಮ್ಮಾಯಿ ತಿನಿಸಿದ್ಲು ಅಂತ ಇಕಿಗೆ ಹೇಳು. ಈಗ ಒಳಗ ಹೋಗು. ಕೂಸಿಗೆ ಹಸಿವ್ಯಾಗೈತಿ."

ಮಾರೆಮ್ಮ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಎದೆಗೆ ಕಟ್ಟಿದ ಬಟ್ಟೆ ಬಿಚ್ಚುತ್ತ ವಾರ್ಡಿನೊಳಗೆ ಹೋದಳು. ಮೊದಲು ಕೂಸಿನ ಅಳು ಜೋರಾಯಿತು, ನಂತರ ತಡೆತಡೆದು ಬಂತು, ಆಮೇಲೆ ನಿಂತಿತು.

ಮಾಳವ್ವ ನೆಲದಿಂದ ಏಳಲಿಲ್ಲ. ಕಿವಿಯನ್ನು ವಾರ್ಡಿನ ಬಾಗಿಲಿಗೆ ಕೊಟ್ಟು ಕೂತಿದ್ದಳು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಈಗಲೂ ಹಾಕಲಿಲ್ಲ.

"ಡಾಕ್ಟರ್ರ, ಒಂದ ಸಲ ಮೈಯಾಗ ಹೋಗಿದ್ದು ಎಷ್ಟ ದಿನಕ್ಕ ಹೋಗತೈತ್ರಿ?"

ಅಮೃತಾ ನನಗೆ ಹೇಳಿದ್ದಳು. ನಾನು ಯಾರಿಗೂ ಹೇಳಿರಲಿಲ್ಲ. "ಅರ್ಧ ಹೋಗಾಕ ಏಳೆಂಟ ವರ್ಷ ಬೇಕಂತವಾ. ಉಳದದ್ದರಾಗ ಅರ್ಧ ಹೋಗಾಕ ಮತ್ತ ಏಳೆಂಟ ವರ್ಷ."

ಅವಳು ಬೆರಳು ಮಡಚಿ ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು.

"ಅಂದ್ರ ಇಕಿ ದೊಡ್ಡಾಕಿಯಾಗಿ, ಇಕಿ ಬಾಣಂತಿ ಆಗೂ ಹೊತ್ತಿಗೂ, ಇಕಿ ಹಾಲಿನ್ಯಾಗ ನಾ ತಿನಿಸಿದ್ದು ಒಂದೀಟ ಇದ್ದಽ ಇರತೈತಿ" ಎಂದಳು.

ಇರಲಾರದು ಎಂದು ಹೇಳಬೇಕೆಂದು ಬಾಯಿ ತೆರೆದೆ. ಒಳಗಿನಿಂದ ಕೂಸು ಗುಟುಕು ಗುಟುಕಾಗಿ ಹಾಲು ನುಂಗುವ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಅದನ್ನೇ ಕೇಳುತ್ತ ಕೂತೆವು.